ಎರಡು ಹಗ್ಗ ಸೇರಿಸಿದ ಗಂಟು ಜಾರುವುದೇಕೆ?

ಪ್ರಶ್ನೆ: ನನ್ನ ಹತ್ತಿರ ದಪ್ಪನೆಯ ಹತ್ತಿ ಹಗ್ಗ ಒಂದು, ತೆಳು ನೈಲಾನ್ ಹಗ್ಗ ಒಂದು ಇದೆ. ಎರಡನ್ನೂ ಸೇರಿಸಿ ಮಾಮೂಲಿ ಎರಡು ಗಂಟು ಹಾಕಿದರೆ, ಎಳೆದಾಗ ಜಾರಿ ಬಿಚ್ಚಿಕೊಳ್ಳುತ್ತದೆ. ಇನ್ನೆರಡು ಗಂಟು ಜಾಸ್ತಿ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಗಂಟಿನ ಮೇಲೆ ಗಂಟು ಹಾಕುವುದು ಬೇಡ, ಗಂಟನ್ನೇ ಬದಲಿಸಿ. ನೀವು ಹಾಕುತ್ತಿರುವುದು ರೀಫ್ ನಾಟ್ ಇರಬೇಕು. ಬ್ಯಾಂಡೇಜು, ಪೊಟ್ಟಣ ಸುತ್ತಿ ಕಟ್ಟಲು ಅದು ಚೆನ್ನಾಗಿದೆ. ಕಟ್ಟಿದ ವಸ್ತು ಅದನ್ನು ಒತ್ತಿ ಹಿಡಿದಿರುತ್ತದೆ, ಅಲ್ವಾ? ಎರಡು ಹಗ್ಗಗಳ ನಡುವೆ ಆ ಆಸರೆ ಇಲ್ಲ. ಬೇಕಾದರೆ ನೋಡಿ: ರೀಫ್ ನಾಟ್ ಹಾಕಿ, ಒಂದು ಹಗ್ಗದ ಗಿಡ್ಡ ತುದಿಯನ್ನೂ ಅದರದ್ದೇ ಉದ್ದ ಭಾಗವನ್ನೂ ಹಿಡಿದು ಜಗ್ಗಿ. ಆ ಹಗ್ಗ ನೆಟ್ಟಗಾಗುತ್ತದೆ, ಇನ್ನೊಂದು ಅದರ ಮೇಲೆ ಬರೀ ಸುತ್ತಾಗಿ ಉಳಿದು ಸಲೀಸಾಗಿ ಜಾರಿ ಹೊರಬರುತ್ತದೆ.

ದಪ್ಪ-ತೆಳು ಹಗ್ಗಗಳಿಗೆ ಶೀಟ್ ಬೆಂಡ್ ಹಾಕಿ. ದಪ್ಪ ಹಗ್ಗದ ತುದಿಯನ್ನು ಹಿಂದಕ್ಕೆ ಮಡಿಸಿ ಹಿಡಿಯಿರಿ. ತೆಳು ಹಗ್ಗದ ತುದಿಯನ್ನು ಆ ಮಡಿಕೆಯೊಳಗೆ ಕೆಳಗಿನಿಂದ ಮೇಲಕ್ಕೆ ತನ್ನಿ. ದಪ್ಪ ಹಗ್ಗದ ಗಿಡ್ಡ ತುದಿಯ ಕಡೆಯಿಂದ ಶುರುಮಾಡಿ ಮಡಿಕೆಯ ಎರಡೂ ಎಳೆಗಳ ಹಿಂದೆ ಒಂದು ಸುತ್ತು ತಂದು, ಮುಂದೆ ತೆಳು ಹಗ್ಗದ ಕೆಳಗೇ ತೂರಿಸಿ. ಮತ್ತೆ ಮಡಿಕೆಯೊಳಗೆ ಇಳಿಸಬೇಡಿ. ಈಗ ನಿಧಾನವಾಗಿ ಬಿಗಿಯಿರಿ. ಎರಡು ಗಿಡ್ಡ ತುದಿಗಳೂ ಒಂದೇ ಪಕ್ಕಕ್ಕೆ ಬಂದಿರಬೇಕು. ಎದುರುಬದುರಾಗಿದ್ದರೆ ಹಿಡಿತ ಕಡಿಮೆ, ಬಿಚ್ಚಿ ಮತ್ತೆ ಹಾಕಿ. ನಿಮ್ಮ ನೈಲಾನ್ ನುಣುಪಾದ್ದರಿಂದ ಇನ್ನೊಂದು ಸುತ್ತು ಸುತ್ತಿ ಮತ್ತೆ ಅದೇ ಜಾಗದಲ್ಲಿ ತೂರಿಸಿ. ಇದು ಡಬಲ್ ಶೀಟ್ ಬೆಂಡ್. ನಿಮಗೆ ನಾನು ಹೇಳುವುದು ಇದನ್ನೇ.

ಇದಕ್ಕೂ ಒಂದು ದೌರ್ಬಲ್ಯ ಉಂಟು. ಭಾರ ಸಡಿಲವಾಗಿ ಹಗ್ಗ ಅಲ್ಲಾಡುತ್ತಲೇ ಇದ್ದರೆ ಮೆಲ್ಲಗೆ ಬಿಚ್ಚಿಕೊಳ್ಳಬಹುದು. ಹಗ್ಗಗಳು ಹೆಚ್ಚುಕಡಿಮೆ ಒಂದೇ ದಪ್ಪ ಇದ್ದು, ಮತ್ತೆ ಬಿಚ್ಚುವ ಯೋಚನೆ ಇಲ್ಲದಿದ್ದರೆ ಡಬಲ್ ಫಿಶರ್‌ಮನ್ಸ್ ಗಂಟು ಹಾಕಿ. ಒಂದೊಂದು ಹಗ್ಗವೂ ಇನ್ನೊಂದನ್ನು ಎರಡು ಸಲ ಸುತ್ತಿ, ತನ್ನ ಸುತ್ತುಗಳೊಳಗೇ ತೂರಿ ಬರುತ್ತದೆ. ಎಳೆದಾಗ ಎರಡೂ ಗಂಟುಗಳು ಹತ್ತಿರ ಬಂದು ಅಂಟಿಕೊಳ್ಳುತ್ತವೆ. ಭಾರ ಬಿದ್ದ ಮೇಲೆ ಬಿಚ್ಚುವುದು ಬಹಳ ಕಷ್ಟ.

ಯಾವ ಗಂಟೇ ಆಗಲಿ, ಗಿಡ್ಡ ತುದಿ ಹಗ್ಗದ ದಪ್ಪದ ಹತ್ತರಷ್ಟಾದರೂ ಉಳಿಯಲಿ. 10 ಮಿ.ಮೀ. ಹಗ್ಗಕ್ಕೆ 10 ಸೆಂ.ಮೀ. ಜೊತೆಗೆ, ಗಂಟು ಬಿದ್ದ ಕಡೆ ಹಗ್ಗದ ಶಕ್ತಿ ಅರ್ಧದಷ್ಟು ಕೂಡ ಇಳಿಯಬಹುದು. ಹಾಗಾಗಿ ತೆಳು ಹಗ್ಗ ಹೊರುವ ಭಾರದ ಅರ್ಧಕ್ಕಿಂತಲೂ ಸಾಕಷ್ಟು ಕಡಿಮೆ ಭಾರ ಹಾಕಿ. ಹೀಗೆ ಜೋಡಿಸಿದ ಹಗ್ಗಕ್ಕೆ ಮನುಷ್ಯರ ಭಾರ ಮಾತ್ರ ಬಿಡಲೇಬೇಡಿ.