ದನಿ ಒಡೆಯಿತು ಅಂತ ಕೋರಸ್ ಬಿಡಿಸಬೇಡಿ

13 ವರ್ಷದ ಮಗನ ದನಿ ಒಡೆಯುತ್ತಿದೆ, ಕಾರ್ಯಕ್ರಮಕ್ಕೆ ಎರಡೇ ತಿಂಗಳು ಉಳಿದಿದೆ, ಮಕ್ಕಳ ಕೋರಸ್‌ನಿಂದ ಬಿಡಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಿಸಬೇಡಿ.

ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ. ಹುಡುಗರ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು, ಅಂದರೆ ಒಂದು ‘ಸ’ದಿಂದ ಅದರ ಕೆಳಗಿನ ‘ಸ’ದವರೆಗಿನಷ್ಟು, ಕೆಳಗಿಳಿಯುತ್ತದೆ. ಹಿತವಾಗಿ ಹಾಡಿದರೆ ಏನೂ ಆಗುವುದಿಲ್ಲ. ಮೊದಲಿನ ಮೇಲಿನ ಸ್ವರಕ್ಕೇ ಗದ್ದ ಎತ್ತಿ, ಕತ್ತು ಬಿಗಿದು ಕೂಗಿದರೆ ಮಾತ್ರ ತೊಂದರೆ.

ನಮ್ಮ ತಂಡದಲ್ಲೂ ಒಬ್ಬ ಹುಡುಗ ಹೀಗೇ ಇದ್ದ. ದನಿ ಬಿರಿದ ತಕ್ಷಣ ಹಾಡಿನ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ನೋಡಿದರೆ ಸಂಕಟವಾಗುತ್ತಿತ್ತು. ಕೆಳಗಿನ ದನಿಯವರ ಜೊತೆ ನಿಲ್ಲಿಸಿ, ನಾಲ್ಕೈದು ಸ್ವರಗಳೊಳಗೇ ಓಡಾಡುವ ಭಾಗ ಕೊಟ್ಟೆವು. ಬಿರಿಯುವ ಜಾಗ ಬಂದರೆ ಸುಮ್ನೆ ಬಾಯಿ ಆಡಿಸು, ಪರವಾಗಿಲ್ಲ ಅಂದೆವು. ಎರಡು ವಾರದಲ್ಲಿ ಹಾಳೆ ಎದೆಮಟ್ಟಕ್ಕೆ ಇಳಿಯಿತು.

ಕಲಿಸುವವರ ಹತ್ತಿರ ಈ ವಾರವೇ ಮಾತಾಡಿ. ದನಿ ವಾರ ವಾರಕ್ಕೂ ಬದಲಾಗಬಹುದು, ಹಾಗಾಗಿ ಪ್ರತಿ ಅಭ್ಯಾಸದಲ್ಲೂ ಅವನಿಗೆ ಯಾವ ಸ್ವರ ಸಲೀಸು ಅಂತ ಕೇಳಿ ನೋಡಲಿ. ನೀರು ಜಾಸ್ತಿ ಕುಡಿಯಲಿ. ಮನೆಯಲ್ಲಿ ಯಾರೂ ಅವನ ದನಿಯನ್ನು ಅಣಕಿಸದಂತೆ ನೋಡಿಕೊಳ್ಳಿ, ಅದೇ ಎಲ್ಲಕ್ಕಿಂತ ಮುಖ್ಯ.