ಜಿಪ್ ಕೋಡ್ ಸಾಲದು, ಮನೆ ನಂಬರ್ ಬೇಕು

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಸಹಾಯಧನದ ಅರ್ಜಿಯಲ್ಲಿ ಸೆನ್ಸಸ್ ಟ್ರ್ಯಾಕ್ಟ್ ನಂಬರ್ ಕೇಳಿದ್ದಾರೆ. ಜಿಪ್ ಕೋಡ್ ಬರೆದರೆ ಸಾಕಲ್ವಾ? ಇಲ್ಲಿ ಎಷ್ಟು ಕನ್ನಡ ಮನೆಗಳಿವೆ ಅಂತಲೂ ಅದರಿಂದ ಗೊತ್ತಾಗುತ್ತಾ?

ಉತ್ತರ: ಸಾಲದು. ಜಿಪ್ ಕೋಡ್ ಅಂಚೆಯವರ ಅನುಕೂಲಕ್ಕೆ ಇರುವುದು. ಟ್ರ್ಯಾಕ್ಟ್ ಅಂದರೆ ಲೆಕ್ಕಕ್ಕಾಗಿ ಜನಗಣತಿಯವರು ಗೆರೆ ಎಳೆದ ಸಣ್ಣ ಪ್ರದೇಶ, ಒಂದರಲ್ಲಿ ಸಾಮಾನ್ಯವಾಗಿ 1,200ರಿಂದ 8,000 ಜನ. ಒಂದು ಜಿಪ್ ಕೋಡಿನೊಳಗೆ ಎಷ್ಟೋ ಟ್ರ್ಯಾಕ್ಟ್ ಇರುತ್ತವೆ, ಹಾಗಾಗಿ ಅಂದಾಜಿನ ಮೇಲೆ ಬರೆಯಲೇಬೇಡಿ.

ವಿಳಾಸ ಕೊಟ್ಟರೆ ಅದು ಯಾವ ಟ್ರ್ಯಾಕ್ಟಿನಲ್ಲಿದೆ ಅಂತ ಹೇಳುವ, ಅಮೆರಿಕದ ಸೆನ್ಸಸ್ ಬ್ಯೂರೋದ ಜಿಯೋಕೋಡರ್ ಪುಟ ತೆರೆಯಿರಿ, ದುಡ್ಡು ಕೊಡಬೇಕಿಲ್ಲ. ಅಲ್ಲಿ ‘ಫೈಂಡ್ ಜಿಯಾಗ್ರಫೀಸ್’ ಅನ್ನುವುದನ್ನೇ ಆರಿಸಿ, ಬರೀ ಲೊಕೇಶನ್ ಆರಿಸಿದರೆ ಟ್ರ್ಯಾಕ್ಟ್ ಬರುವುದಿಲ್ಲ. ಮನೆ ನಂಬರ್, ರಸ್ತೆ, ಊರು, ರಾಜ್ಯ ಹಾಕಿ. ಪೋಸ್ಟ್ ಬಾಕ್ಸ್ ವಿಳಾಸ ನಡೆಯುವುದಿಲ್ಲ. ಹೊಸ ಅಪಾರ್ಟ್‌ಮೆಂಟ್ ಆಗಿದ್ದು ವಿಳಾಸ ಸಿಗದಿದ್ದರೆ ಮ್ಯಾಪಿನಿಂದ ಅಕ್ಷಾಂಶ, ರೇಖಾಂಶ ತೆಗೆದು ಹಾಕಬಹುದು. ಎಕ್ಸ್ ಜಾಗದಲ್ಲಿ ರೇಖಾಂಶ, ಅಂಕಿ ಶುರುವಾಗುವ ಮೊದಲು ಮೈನಸ್ ಗುರುತು ಮರೆಯಬೇಡಿ, ಯಾಕೆಂದರೆ ನೀವಿರುವುದು ಗ್ರೀನಿಚ್‌ನ ಪಶ್ಚಿಮಕ್ಕೆ.

ಉತ್ತರದಲ್ಲಿ 11 ಅಂಕಿಯ ಸಂಖ್ಯೆ ಬರುತ್ತದೆ. ಮೊದಲ 06 ಕ್ಯಾಲಿಫೋರ್ನಿಯಾ, ಆಮೇಲಿನ 085 ಸಾಂಟಾ ಕ್ಲಾರಾ ಕೌಂಟಿ, ಕೊನೆಯ ಆರು ಅಂಕಿ ನಿಮ್ಮ ಟ್ರ್ಯಾಕ್ಟ್. ಎಕ್ಸೆಲ್‌ಗೆ ಹಾಕುವಾಗ ಮೊದಲಿನ ಸೊನ್ನೆ ಹಾರಿಹೋಗುತ್ತದೆ, ಟೆಕ್ಸ್ಟ್ ಅಂತ ಮಾಡಿಕೊಂಡೇ ಅಂಟಿಸಿ. ಇನ್ನೊಂದು, ಅರ್ಜಿಯವರು ಯಾವ ವರ್ಷದ ಟ್ರ್ಯಾಕ್ಟ್ ಕೇಳುತ್ತಿದ್ದಾರೆ ನೋಡಿ. ಜನ ಜಾಸ್ತಿಯಾದ ಕಡೆ ಒಂದನ್ನು ಎರಡಾಗಿ ಒಡೆಯುತ್ತಾರೆ, 2010ರದೂ 2020ರದೂ ಎಲ್ಲ ಕಡೆ ಒಂದೇ ಅಲ್ಲ. ಕೇಳಿದ್ದು ಪಾಠ ನಡೆಯುವ ಜಾಗದ್ದಾದರೆ ನಿಮ್ಮ ಮನೆಯದನ್ನು ಕೊಡಬೇಡಿ.

ಇನ್ನು ಕನ್ನಡ ಮನೆಗಳ ಲೆಕ್ಕ. ಇದು ಬೇಜಾರಿನ ವಿಷಯ. ಮನೆಮಾತು ಕೇಳುವುದು ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿಯಲ್ಲಲ್ಲ, ಪ್ರತಿವರ್ಷ ಕೆಲವೇ ಮನೆಗಳಿಗೆ ಹೋಗುವ ಅಮೆರಿಕನ್ ಕಮ್ಯುನಿಟಿ ಸರ್ವೆಯಲ್ಲಿ. ಅದರ ಭಾಷಾವಾರು ಪಟ್ಟಿಯಲ್ಲಿ ತಮಿಳು, ತೆಲುಗು ಬೇರೆ ಬೇರೆ ಇವೆ, ಕನ್ನಡವನ್ನು ಮಲಯಾಳಂ ಜೊತೆ ಸೇರಿಸಿಬಿಟ್ಟಿದ್ದಾರೆ. ಟ್ರ್ಯಾಕ್ಟ್ ಮಟ್ಟಕ್ಕೆ ಇಳಿದರೆ ಅದೂ ಇಲ್ಲ, ಇತರ ಏಷ್ಯನ್ ಭಾಷೆಗಳ ರಾಶಿಯಲ್ಲಿ ಕಳೆದುಹೋಗುತ್ತದೆ. ಆ ಸರ್ವೆ ಫಾರಂ ಯಾರ ಮನೆಗಾದರೂ ಬಂದರೆ ಭಾಷೆಯ ಜಾಗದಲ್ಲಿ ‘ಇಂಡಿಯನ್’ ಅಂತ ಬರೆಯದೆ ಕನ್ನಡ ಅಂತಲೇ ಬರೆಯಲು ಹೇಳಿ. ಈ ಅರ್ಜಿಗೆ ಮಾತ್ರ ನಿಮ್ಮ ತರಗತಿಯ ಹಾಜರಿ ಪಟ್ಟಿಯನ್ನೇ ಲಗತ್ತಿಸಿ, ಮಕ್ಕಳ ಹೆಸರು ತೆಗೆದು.