ಅಷ್ಟೊಂದು ದಂಗೆ ಆದರೂ ಕೊಮೊರೋಸ್ ಹೇಗೆ ನಡೆಯುತ್ತಿದೆ?

"ಕೊಮೊರೋಸ್ ಅನ್ನೋ ಪುಟ್ಟ ದ್ವೀಪ ದೇಶದಲ್ಲಿ 20ಕ್ಕೂ ಜಾಸ್ತಿ ಕ್ಷಿಪ್ರಕ್ರಾಂತಿಗಳು, ಅದರ ಯತ್ನಗಳು ಆಗಿವೆಯಂತೆ. ಜೊತೆಗೆ ಜ್ವಾಲಾಮುಖಿ ಬೇರೆ. ಅಲ್ಲಿ ಜನ ಹೇಗೆ ಬದುಕುತ್ತಾರೆ?" ಅಂತ ಕೇಳಿದ್ದೀರಿ. ನಾನು ಹೊರಡುವಾಗ ನಮ್ಮಮ್ಮ ಕೇಳಿದ್ದೂ ಇದೇ. ನಾನು ಉಡುಪಿ ಕಡೆಯವನು. ಜನರೇಟರ್ ಕೆಲಸದ ಮೇಲೆ ಅಲ್ಲಿನ ರಾಜಧಾನಿ ಮೊರೋನಿಯಲ್ಲಿ ಏಳು ತಿಂಗಳಿದ್ದೆ. ಅಷ್ಟು ದಿನದಲ್ಲಿ ನನ್ನ ನಿದ್ದೆ ಕೆಡಿಸಿದ್ದು ದಂಗೆಯಲ್ಲ, ನೀರು.

ಮೊದಲು ಜಾಗ ಎಲ್ಲಿದೆ ಹೇಳ್ತೀನಿ. ಒಂದು ಕಡೆ ಆಫ್ರಿಕಾದ ಮೊಜಾಂಬಿಕ್, ಇನ್ನೊಂದು ಕಡೆ ಮಡಗಾಸ್ಕರ್, ನಡುವಿನ ಸಮುದ್ರದಲ್ಲಿ ಈ ದ್ವೀಪಗಳು. ಮೂರೂ ಸೇರಿ 1,861 ಚದರ ಕಿ.ಮೀ. ನಮ್ಮ ಕೊಡಗಿನ ಅರ್ಧವೂ ಇಲ್ಲ. ಜನ ಮಾತ್ರ ಎಂಟೂವರೆ ಲಕ್ಷದ ಆಸುಪಾಸು. ನಾನಿದ್ದದ್ದು ದೊಡ್ಡ ದ್ವೀಪ ಗ್ರಾಂಡ್ ಕೊಮೋರ್‌ನಲ್ಲಿ. ಅಲ್ಲಿಯೇ ಕಾರ್ಥಾಲಾ ಇರುವುದು. 2,361 ಮೀಟರ್ ಎತ್ತರದ, ಇನ್ನೂ ಉಸಿರಾಡುತ್ತಿರುವ ಜ್ವಾಲಾಮುಖಿ. ಮುಳ್ಳಯ್ಯನಗಿರಿಗಿಂತ 400 ಮೀಟರಿಗೂ ಜಾಸ್ತಿ ಎತ್ತರ.

ಅಷ್ಟೆತ್ತರದ ಬೆಟ್ಟಕ್ಕೆ ಮಳೆ ಧೋ ಅಂತ ಸುರಿಯುತ್ತದೆ. ಆದರೆ ಇಡೀ ದ್ವೀಪದಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ! ಲಾವಾ ಹೊಸದು, ಮೈತುಂಬ ತೂತು. ಬಿದ್ದ ನೀರನ್ನೆಲ್ಲ ಸೀದಾ ಒಳಗೆ ಎಳೆದುಕೊಂಡುಬಿಡುತ್ತದೆ. ನಾಲ್ಕು ಹೆಜ್ಜೆಗೊಂದು ತೋಡು ನೋಡಿ ಬೆಳೆದ ನನಗೆ ಇದನ್ನು ನಂಬಲು ಒಂದು ಮಳೆಗಾಲವೇ ಬೇಕಾಯಿತು.

ಹಾಗಾಗಿ ಅಲ್ಲಿ ಮನೆ ಅಂದರೆ ಮೊದಲು ತೊಟ್ಟಿ. ತಗಡಿನ ಮಾಡಿನ ಅಂಚಿಗೆ ದಂಬೆ ಕಟ್ಟಿ ಮಳೆನೀರನ್ನು ಸಿಮೆಂಟ್ ತೊಟ್ಟಿಗೆ ಬಿಡುತ್ತಾರೆ. ನಾನು ಬಾಡಿಗೆಗಿದ್ದ ಮನೆಯ ಯಜಮಾನಿಯನ್ನು ಎಲ್ಲರ ಹಾಗೆ ನಾನೂ ಕೊಕೊ ಅನ್ನುತ್ತಿದ್ದೆ. ಕೊಕೊ ಅಂದರೆ ಅಜ್ಜಿ. ದಿನಾ ಬೆಳಿಗ್ಗೆ ಅವರು ತೊಟ್ಟಿಯ ಮುಚ್ಚಳ ಸರಿಸಿ ಒಂದು ಉದ್ದ ಕೋಲು ಇಳಿಬಿಡುತ್ತಿದ್ದರು. ಮೇಲೆತ್ತಿ, ಒದ್ದೆಯಾದ ಕಡೆ ಬೆರಳಿಟ್ಟು ಅಳೆಯುತ್ತಿದ್ದರು. ಹಿಂದಿನ ದಿನ ನಾನು ಎರಡು ಶರ್ಟ್ ಜಾಸ್ತಿ ಒಗೆದಿದ್ದರೆ ಕೋಲು ಹಿಡಿದುಕೊಂಡೇ ನನ್ನ ಕಿಟಕಿ ಕಡೆ ಒಂದು ನೋಟ. ಬಾಯಲ್ಲಿ ಏನೂ ಇಲ್ಲ. ಆ ಮುಚ್ಚಳದ ಮೇಲೆ ಯಾವಾಗಲೂ ಒಂದು ಟಾರ್ಪಾಲು, ಅದರ ಮೇಲೆ ನಾಲ್ಕು ಕಲ್ಲು. 2005ರಲ್ಲಿ ಕಾರ್ಥಾಲಾ ಎರಡು ಸಲ ಬೂದಿ ಉಗುಳಿತ್ತು. ತೊಟ್ಟಿಗಳಿಗೆ ಬೂದಿ ಬಿದ್ದು ಸಾವಿರಾರು ಜನರಿಗೆ ಕುಡಿಯುವ ನೀರೇ ಇಲ್ಲದಾಗಿತ್ತು. ಕೊಕೊ ಅದನ್ನು ಮರೆತಿಲ್ಲ.

ಅಂಜುವಾನ್ ಹಳೆಯ ದ್ವೀಪ, ಅಲ್ಲಿ ಹೊಳೆಗಳಿವೆ. ಹಿಂದೆ ಇಂಡಿಯಾಕ್ಕೆ ಬರುತ್ತಿದ್ದ ಈಸ್ಟ್ ಇಂಡಿಯಾ ಕಂಪನಿ ಹಡಗುಗಳು ಸಿಹಿನೀರು ತುಂಬಿಕೊಳ್ಳಲು ಅಲ್ಲೇ ನಿಲ್ಲುತ್ತಿದ್ದವು. ಈಗ ಕಾಡು ಕಡಿದು ಕಡಿದು ಅಲ್ಲೂ ಎಷ್ಟೋ ಹೊಳೆ ಬೇಸಿಗೆಯಲ್ಲಿ ಬತ್ತುತ್ತವೆ. ಮೂರನೆಯದು ಮೊಹೇಲಿ, ಚಿಕ್ಕದು, ಕಡಲಾಮೆ ಮೊಟ್ಟೆ ಇಡುವ ಜಾಗ. ನಾನು ಹೋಗಲಿಲ್ಲ.

ಈಗ ದಂಗೆ ವಿಷಯಕ್ಕೆ ಬರೋಣ. ಫ್ರಾನ್ಸಿನ ಕೈಲಿದ್ದಾಗ ದ್ವೀಪ ನಾಲ್ಕು. 1974ರಲ್ಲಿ ಮತ ಹಾಕಿಸಿದರು. ಮೂರು ದ್ವೀಪ ಸ್ವಾತಂತ್ರ್ಯ ಬೇಕು ಅಂದವು, ಮಾಯೋಟ್ ಬೇಡ ಅಂದಿತು. 1975ರ ಜುಲೈ 6ಕ್ಕೆ ಅಹ್ಮದ್ ಅಬ್ದಲ್ಲಾ ಸ್ವಾತಂತ್ರ್ಯ ಘೋಷಿಸಿದರು. ಆಗಸ್ಟ್ 3ಕ್ಕೆ ಕುರ್ಚಿ ಹೋಯಿತು, ಒಂದು ತಿಂಗಳೂ ತುಂಬಿರಲಿಲ್ಲ. ಆಮೇಲೆ ಅಧಿಕಾರ ಹಿಡಿದ ಅಲಿ ಸೋಯಿಲಿ ಸರಕಾರಿ ಕಡತಗಳನ್ನೇ ಸುಡಿಸಿದರು, ಆಡಳಿತವನ್ನು ಮೀಸೆ ಮೂಡದ ಹುಡುಗರ ಕೈಗೆ ಕೊಟ್ಟರು. 1978ರ ಮೇ ತಿಂಗಳಲ್ಲಿ ಬಾಬ್ ಡೆನಾರ್ ಅನ್ನೋ ಫ್ರೆಂಚ್ ಬಾಡಿಗೆ ಸೈನಿಕ ಸುಮಾರು 50 ಜನರ ಜೊತೆ ಹಡಗಿನಲ್ಲಿ ಬಂದು ರಾತ್ರೋರಾತ್ರಿ ದೇಶ ಹಿಡಿದ. ಸೋಯಿಲಿಯನ್ನು ಕೊಂದರು. ಅಬ್ದಲ್ಲಾ ವಾಪಸು ಬಂದರು, 1989ರಲ್ಲಿ ಅವರೂ ಗುಂಡಿಗೆ ಬಲಿಯಾದರು. 1995ರಲ್ಲಿ ಡೆನಾರ್ ಮತ್ತೆ ಬಂದ. ಆ ಸಲ ಫ್ರೆಂಚ್ ಸೇನೆಯೇ ಇಳಿದು ಅವನನ್ನು ಹಿಡಿದುಕೊಂಡು ಹೋಯಿತು. ಐವತ್ತು ಜನರಿಗೆ ಒಂದು ದೇಶ ದಕ್ಕಿತು ಅಂದರೆ ಆ ಸರಕಾರದ ಬೇರು ಎಷ್ಟು ಆಳಕ್ಕಿತ್ತು, ನೀವೇ ಯೋಚಿಸಿ.

1997ರಲ್ಲಂತೂ ಅಂಜುವಾನ್ ನಮ್ಮನ್ನು ಮತ್ತೆ ಫ್ರಾನ್ಸಿಗೇ ಸೇರಿಸಿಕೊಳ್ಳಿ ಅಂತು. ಫ್ರಾನ್ಸ್ ಒಲ್ಲೆ ಅಂದಿತು. ಜಗಳ ತೀರಲೆಂದು 2001ರ ಸಂವಿಧಾನದಲ್ಲಿ ಅಧ್ಯಕ್ಷಗಿರಿಯನ್ನು ದ್ವೀಪಕ್ಕೊಂದು ಸರದಿಯಂತೆ ಹಂಚಿದರು. ನನ್ನ ಲೆಕ್ಕದಲ್ಲಿ ಇದು ಒಳ್ಳೆಯ ಏರ್ಪಾಡೇ ಆಗಿತ್ತು. ಆದರೆ 1999ರಲ್ಲಿ ದಂಗೆಯಿಂದಲೇ ಮೊದಲ ಸಲ ಅಧಿಕಾರಕ್ಕೆ ಬಂದಿದ್ದ ಅಜಾಲಿ ಅಸೂಮಾನಿ 2018ರಲ್ಲಿ ಜನಮತ ನಡೆಸಿ ಸತತ ಎರಡು ಅವಧಿಗೆ ದಾರಿ ಮಾಡಿಕೊಂಡರು. 2024ರ ಚುನಾವಣೆಯಲ್ಲೂ ಅವರೇ ಗೆದ್ದರು ಅಂತ ಘೋಷಣೆಯಾಯಿತು.

ಇನ್ನು ಮಾಯೋಟ್. ಅದು 2011ರಿಂದ ಫ್ರಾನ್ಸಿನದೇ ಒಂದು ಜಿಲ್ಲೆ. ಅಂಜುವಾನ್‌ನಿಂದ ಬರೀ 70 ಕಿ.ಮೀ. ಒಂದೇ ಧರ್ಮ, ನೆಂಟರು ಎರಡೂ ಕಡೆ. 1995ರಲ್ಲಿ ವೀಸಾ ಬಂತು. ಅಲ್ಲಿಂದೀಚೆಗೆ ಜನ ಕ್ವಾಸಾ ಕ್ವಾಸಾ ಅನ್ನೋ ಸಣ್ಣ ಮೀನು ದೋಣಿಗಳಲ್ಲಿ ಕದ್ದು ದಾಟುತ್ತಾರೆ. ಆಸ್ಪತ್ರೆಗೆ ಅಂತ, ಹೆರಿಗೆಗೆ ಅಂತ, ಕೂಲಿಗೆ ಅಂತ. ಸಾವಿರಾರು ಜನ ಮುಳುಗಿ ಸತ್ತಿದ್ದಾರೆ. ಕೊಮೊರೋಸ್ ಬಾವುಟದಲ್ಲಿ ಮಾತ್ರ ಇಂದಿಗೂ ನಾಲ್ಕು ನಕ್ಷತ್ರ.

ಸರಕಾರ ಹೀಗೆ ಬಿದ್ದು ಎದ್ದು ಮಾಡುತ್ತಿದ್ದರೂ ಊರು ಯಾಕೆ ಬೀಳಲಿಲ್ಲ? ನನಗೆ ಕಂಡ ಉತ್ತರ: ಗ್ರಾಂಡ್ ಕೊಮೋರ್‌ನಲ್ಲಿ ಮನೆ ಹೆಣ್ಣುಮಕ್ಕಳದು. ಅಲ್ಲಿನವರು ಸುನ್ನಿ ಮುಸ್ಲಿಮರು, ನಮ್ಮ ಭಟ್ಕಳದ ನವಾಯತರ ಹಾಗೆ ಶಾಫಿ ಪಂಥ. ಅರಬ್ ವ್ಯಾಪಾರಿಗಳು ಮಳೆಗಾಳಿ ಹಿಡಿದು ನಮ್ಮ ಕರಾವಳಿಗೂ ಬಂದರು, ಅಲ್ಲಿಗೂ ಹೋದರು. ಆದರೂ ಮನೆ, ಒಂದಿಷ್ಟು ಜಮೀನು ತಾಯಿಯಿಂದ ಮಗಳಿಗೇ ಹೋಗುತ್ತದೆ. ಅದಕ್ಕೆ ಮನ್ಯಾಹುಲಿ ಅಂತ ಹೆಸರು. ಮದುವೆಯಾದ ಗಂಡು ಹೆಂಡತಿ ಮನೆಗೆ ಹೋಗಿ ಇರುತ್ತಾನೆ. ಅಳಿಯಸಂತಾನ ಕೇಳಿ ಬೆಳೆದ ನಾನು ಇದನ್ನು ಕೊಕೊ ಹತ್ತಿರ ಹೇಳಿದಾಗ ಅವರಿಗೆ ಏನೂ ಆಶ್ಚರ್ಯ ಆಗಲಿಲ್ಲ. "ಮತ್ತೆ ಹೆಂಗಸರು ಎಲ್ಲಿಗೆ ಹೋಗಬೇಕು?" ಅಂದರು.

ಇನ್ನೊಂದು, ದೊಡ್ಡ ಮದುವೆ. ಅಲ್ಲಿನ ಮಾತಿನಲ್ಲಿ ಆಂಡಾ. ಮೊದಲು ಸಾದಾ ಮದುವೆ ಆಗಿ, ಮಕ್ಕಳೂ ಆಗಿ, ಎಷ್ಟೋ ವರ್ಷದ ಮೇಲೆ ಇದನ್ನು ಮಾಡುವವರೇ ಜಾಸ್ತಿ. ಹೆಂಡತಿಗೆ ಬಂಗಾರ, ಊರಿಗೆ ಊಟ, ಹಸುಗಳು, ಮೂಟೆ ಮೂಟೆ ಅಕ್ಕಿ. ಜನ ಫ್ರಾನ್ಸಿನ ಮಾರ್ಸೇ ಪಟ್ಟಣದಲ್ಲಿ ವರ್ಷಗಟ್ಟಲೆ ದುಡಿದು ಇದಕ್ಕೇ ಕೂಡಿಡುತ್ತಾರೆ. ಇದಾಗದ ಗಂಡಸು ಊರಿನ ಲೆಕ್ಕದಲ್ಲಿ ಇನ್ನೂ ಹುಡುಗ. ಊರ ನಡುವಿನ ಕಟ್ಟೆಗೆ ಬಂಗ್ವೆ ಅನ್ನುತ್ತಾರೆ. ನಮ್ಮ ಪಕ್ಕದ ಮನೆಯ ಮೇಷ್ಟ್ರಿಗೆ ಐವತ್ತು ದಾಟಿತ್ತು, ತಲೆ ಬೆಳ್ಳಗಾಗಿತ್ತು. ಆದರೂ ಬಂಗ್ವೆಯಲ್ಲಿ ಅವರ ಜಾಗ ಅಂಚಿನಲ್ಲಿ, ಪಡ್ಡೆ ಹುಡುಗರ ಪಕ್ಕ. ಅವರ ಹಳೇ ವಿದ್ಯಾರ್ಥಿಯೊಬ್ಬ ಮಾರ್ಸೇಯಿಂದ ಬಂದು ಆಂಡಾ ಮುಗಿಸಿ ಒಳಗಿನ ಕಲ್ಲಿನ ಮೇಲೆ ಕೂತಿದ್ದ. ಮೇಷ್ಟ್ರೇ ಎದ್ದು ಅವನಿಗೆ ದಾರಿ ಬಿಟ್ಟರು.

ಸುಮ್ನೆ ದುಂದುವೆಚ್ಚ ಅಂತ ನನಗೂ ಅನಿಸಿತ್ತು. ಸೋಯಿಲಿ ಇದನ್ನು ನಿಲ್ಲಿಸಲು ಹೊರಟಿದ್ದರು ಕೂಡ, ಆಗಲಿಲ್ಲ. ಆದರೆ ಆ ದುಡ್ಡಿನಲ್ಲಿ ಒಂದು ಪಾಲು ಊರಿನ ಹುಂಡಿಗೆ ಬೀಳುತ್ತದೆ. ಮಸೀದಿ, ಶಾಲೆ ಕೋಣೆ, ರಸ್ತೆ ಅದರಿಂದಲೇ ಆಗುವುದುಂಟು. ಲವಂಗ, ವೆನಿಲಾ, ಸೆಂಟಿಗೆ ಹಾಕುವ ಇಲಾಂಗ್ ಇಲಾಂಗ್ ಹೂವಿನ ಎಣ್ಣೆ ಬಿಟ್ಟರೆ ಹೊರಗೆ ಮಾರಲು ಹೆಚ್ಚೇನೂ ಇಲ್ಲದ ದೇಶ ಅದು. ಹೊರಗಿದ್ದವರು ಕಳಿಸುವ ದುಡ್ಡು ನಿಂತರೆ ಒಲೆ ಆರುತ್ತದೆ. ಆ ದುಡ್ಡು ಬರುವುದು ಯಾರ ಆಡಳಿತ ಇದೆ ಅಂತ ನೋಡಿ ಅಲ್ಲ, ಯಾರ ಮಗಳ ಮದುವೆ ಇದೆ ಅಂತ ನೋಡಿ.

ಕೊಕೊ ಮೊಮ್ಮಗ ಹೋದ ತಿಂಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ್ದ. ಮಗಳಿಗಾಗಿ ಕೊಕೊ ಪಕ್ಕದಲ್ಲೇ ಮನೆ ಕಟ್ಟಿಸುತ್ತಿದ್ದಾರೆ. ಗೋಡೆ ಎದೆಮಟ್ಟ ಬಂದಿದೆ, ಕಬ್ಬಿಣದ ಸರಳು ಮೇಲಕ್ಕೆ ಚಾಚಿಕೊಂಡಿದೆ, ಮಾಡು ಇನ್ನೂ ಇಲ್ಲ. ತೊಟ್ಟಿ ಮಾತ್ರ ಪೂರ್ತಿ ಆಗಿದೆ. ಮುಚ್ಚಳದ ಮೇಲೆ ಟಾರ್ಪಾಲು, ನಾಲ್ಕು ಕಲ್ಲು.